5+5 ಕೆ.ಜಿ. ಪಿಯು ಫೋಮ್ ಕಿಟ್: ಮಾಲು ಚೆನ್ನಾಗಿದೆ, ಲೇಬಲ್ ಸರಿಯಿಲ್ಲ

ಎರಡು ಡಬ್ಬಿ, ಒಂದು ಜೊತೆ ಕೈಗವಸು, ಅರ್ಧ ಹಾಳೆಯ ಸೂಚನೆ. ಫೈಬರ್‌ಗ್ಲಾಸ್ ಸಾಮಾನು ಮಾರುವ ಅಂಗಡಿಗಳಲ್ಲಿ ‘ಪಿಯು ಫೋಮ್ ಕಿಟ್’ ಅಥವಾ ‘ಪಫ್ ಲಿಕ್ವಿಡ್’ ಎಂದು ಕೇಳಿದರೆ ಕೊಡುವ ಸೆಟ್ ಇದು. ಐಸ್ ಬಾಕ್ಸ್, ಮೀನಿನ ಗಾಡಿಯ ಪೆಟ್ಟಿಗೆ, ಫೈಬರ್ ದೋಣಿಯ ಮೀನಿನ ಕೋಣೆ, ಹಾಲಿನ ಕ್ಯಾನ್ ಇಡುವ ಡಬ್ಬ ಇಂಥವುಗಳ ಎರಡು ಗೋಡೆಗಳ ನಡುವೆ ಸುರಿದು ತುಂಬುವ ಗಟ್ಟಿ ಪಾಲಿಯುರೆಥೇನ್ (ಪಿಯು) ಫೋಮ್. ಒಂದೇ ಬಗೆಯ ಮಾಲು ನಾಲ್ಕಾರು ಲೇಬಲ್ ಹೊತ್ತು ಬರುವುದರಿಂದ ಹೆಸರಿಗಿಂತ ಒಳಗಿನ ರಸಾಯನವನ್ನು ನೋಡುವುದೇ ಮೇಲು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ರಸಾಯನ ಒಳ್ಳೆಯದು, ಸರಿಯಾಗಿ ಅಳೆದು ಬೆರೆಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಲೇಬಲ್ ನಂಬಿ ಎರಡೂ ಡಬ್ಬಿಗಳನ್ನು ಒಂದೇ ಬಕೆಟ್ಟಿಗೆ ಖಾಲಿ ಮಾಡಿದರೆ ಫೋಮ್ ಕುಗ್ಗುತ್ತದೆ, ಅಪವಾದ ಮಾತ್ರ ಕೆಲಸ ಮಾಡಿದವನ ತಲೆಗೆ ಬರುತ್ತದೆ.

ಮೊದಲು ಯಾವ ಡಬ್ಬಿ ಯಾವುದು ಎನ್ನುವ ವಿಷಯ. ಲೇಬಲ್ ಮೇಲೆ ‘ಎ’ ಮತ್ತು ‘ಬಿ’ ಎಂದಷ್ಟೇ ಇದೆ. ಅಮೆರಿಕದ ರೂಢಿಯಲ್ಲಿ ‘ಎ’ ಎಂದರೆ ಐಸೊಸಯನೇಟ್, ಯುರೋಪಿನ ಕಂಪನಿಗಳು ಬಹಳಷ್ಟು ಸಲ ಪಾಲಿಯಾಲನ್ನೇ ‘ಎ’ ಎನ್ನುತ್ತವೆ. ನಮ್ಮ ಮಾರುಕಟ್ಟೆಗೆ ಎರಡೂ ಕಡೆಯ ಮಾಲು ಬರುತ್ತದೆ. ಹಾಗಾಗಿ ಅಕ್ಷರ ನೋಡಬೇಡಿ, ಬಣ್ಣ ನೋಡಿ. ಗಾಢ ಕಂದು ಬಣ್ಣದ, ನೀರಿಗಿಂತ ಮಂದವಾದ ದ್ರವ ಐಸೊಸಯನೇಟ್, ಚುಟುಕಾಗಿ ಐಸೊ. ಇದು ಪಾಲಿಮೆರಿಕ್ ಎಂಡಿಐ, ಒಂದು ಲೀಟರ್ ಸುಮಾರು 1.23 ಕೆ.ಜಿ. ತೂಗುತ್ತದೆ. ತಿಳಿ ಹಳದಿ, ಎಣ್ಣೆಯಂತೆ ದಪ್ಪಗಿರುವುದು ಪಾಲಿಯಾಲ್, ಲೀಟರಿಗೆ ಸುಮಾರು 1.08 ಕೆ.ಜಿ. ಈ ಎರಡು ತೂಕಗಳನ್ನು ನೆನಪಿಟ್ಟುಕೊಳ್ಳಿ, ಕಿಟ್‌ನ ಮುಖ್ಯ ತೊಡಕು ಇಲ್ಲೇ ಇದೆ.

ಡಬ್ಬಿಯ ಮೇಲೆ ‘ಮಿಶ್ರಣ 1:1’ ಎಂದಿದೆ. ತೂಕದಲ್ಲೋ ಅಳತೆಯಲ್ಲೋ ಎಂದು ಎಲ್ಲೂ ಇಲ್ಲ. ಎರಡೂ ಡಬ್ಬಿಯಲ್ಲಿ ತಲಾ 5 ಕೆ.ಜಿ. ತುಂಬಿರುವುದರಿಂದ ಕೊಂಡವರು ತೂಕವೆಂದೇ ತಿಳಿಯುತ್ತಾರೆ. ಮಾರುವವರನ್ನು ಕೇಳಿ ತಾಂತ್ರಿಕ ಹಾಳೆ ತರಿಸಿಕೊಂಡರೆ ಅದರಲ್ಲಿ ‘ಲೀಟರ್ ಲೆಕ್ಕದಲ್ಲಿ 1:1’ ಎಂದು ಸ್ಪಷ್ಟವಾಗಿದೆ. ಅಂದರೆ ತೂಕದಲ್ಲಿ 100 ಗ್ರಾಂ ಪಾಲಿಯಾಲ್‌ಗೆ 114 ಗ್ರಾಂ ಐಸೊ. ಈ 14 ಗ್ರಾಂ ಸಣ್ಣ ವಿಷಯವಲ್ಲ. ಏಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ, ಯಾವ ಕಿಟ್ ಕೊಂಡರೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಇಂಥ ಕಿಟ್‌ನ ಪಾಲಿಯಾಲ್ ಡಬ್ಬಿಯಲ್ಲಿ ಇರುವುದು ಬರೀ ಪಾಲಿಯಾಲ್ ಅಲ್ಲ. ಹೆಚ್ಚುಕಡಿಮೆ ಹೀಗಿರುತ್ತದೆ: ಸಕ್ಕರೆ ಅಥವಾ ಗ್ಲಿಸರಿನ್‌ಗೆ ಪ್ರೊಪಿಲೀನ್ ಆಕ್ಸೈಡ್ ಕೂಡಿಸಿ ಮಾಡಿದ ಪಾಲಿಈಥರ್ 100 ಭಾಗ, ನೀರು 3 ಭಾಗ, ಬೆಂಕಿ ತಡೆಯಲು ಟಿಸಿಪಿಪಿ 15 ಭಾಗ, ಸಿಲಿಕೋನ್ 2 ಭಾಗ, ಅಮೀನ್ ವೇಗವರ್ಧಕ 1.5 ಭಾಗ. ಒಟ್ಟು 121.5. ಪಾಲಿಯಾಲ್‌ನ ಹೈಡ್ರಾಕ್ಸಿಲ್ ಸಂಖ್ಯೆ (ಐಸೊ ಜೊತೆ ಕೂಡುವ ತುದಿಗಳು ಎಷ್ಟಿವೆ ಎಂಬ ಅಳತೆ) 350 ಎಂದಿಟ್ಟುಕೊಳ್ಳಿ. 56,100ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅದರ ಸಮಾನ ತೂಕ, ಅಂದರೆ ಕೂಡುವ ತುದಿಗಳ ಒಂದು ಪಾಲು (ಸಮಾನಾಂಶ) ಇರುವಷ್ಟು ತೂಕ, 160 ಸಿಗುತ್ತದೆ. 100 ಭಾಗದಲ್ಲಿ ಇರುವುದು 0.624 ಸಮಾನಾಂಶ. ನೀರಿನ ಸಮಾನ ತೂಕ ಕೇವಲ 9, ಹಾಗಾಗಿ 3 ಭಾಗ ನೀರೇ 0.333 ಆಗುತ್ತದೆ. ಎರಡೂ ಸೇರಿ 0.957. ಐಸೊ ಕಡೆ 4,200ನ್ನು ಎನ್‌ಸಿಒ ಶೇಕಡಾವಾರಿನಿಂದ (ಐಸೊದಲ್ಲಿ ಕೂಡುವ ತುದಿಗಳ ಪಾಲು) ಭಾಗಿಸಬೇಕು. ಪಾಲಿಮೆರಿಕ್ ಎಂಡಿಐನಲ್ಲಿ ಅದು ಸುಮಾರು 31, ಉತ್ತರ 135.5. ಸರಿಸಮ ಹೊಂದಾಣಿಕೆಗೆ ಬೇಕಾದ ಐಸೊ 0.957 × 135.5, ಅಂದರೆ 130 ಭಾಗ.

ಈಗ ಲೀಟರ್ ಲೆಕ್ಕದಲ್ಲಿ 1:1 ಬೆರೆಸಿದರೆ 121.5 ಭಾಗಕ್ಕೆ 138 ಭಾಗ ಐಸೊ ಬೀಳುತ್ತದೆ, ಅಂದರೆ ಸರಿಸಮಕ್ಕೆ ಬೇಕಾದದ್ದು 100 ಎಂದರೆ ಇದು 107; ಈ ಅಂಕಿಗೆ ಇಂಡೆಕ್ಸ್ ಎನ್ನುತ್ತಾರೆ. ಗಟ್ಟಿ ಫೋಮ್‌ಗೆ 105ರಿಂದ 115 ಒಳ್ಳೆಯ ವಲಯ. ತೂಕದಲ್ಲಿ 1:1 ಹಾಕಿದರೆ 121.5 ಭಾಗ ಮಾತ್ರ, ಇಂಡೆಕ್ಸ್ 94ಕ್ಕೆ ಇಳಿಯುತ್ತದೆ. ನೀರು ತನ್ನ ಪಾಲಿನ ಐಸೊವನ್ನು ಹೇಗೂ ತಿಂದೇ ತಿನ್ನುತ್ತದೆ, ಕೊರತೆಯೆಲ್ಲ ಪಾಲಿಯಾಲ್ ಮೇಲೆ ಬೀಳುತ್ತದೆ. ಕೈಗೂಡದೆ ಉಳಿದ ಪಾಲಿಯಾಲ್ ತುದಿಗಳು ಜಾಲವನ್ನು ಸಡಿಲ ಮಾಡುತ್ತವೆ. ಫೋಮ್ ಏಳುತ್ತದೆ, ಬಣ್ಣವೂ ಸರಿ ಇರುತ್ತದೆ, ಮೊದಲ ದಿನ ಯಾವ ದೋಷವೂ ಕಾಣುವುದಿಲ್ಲ. ಆಮೇಲೆ ಫೋಮ್‌ನ ಮುಚ್ಚಿದ ಕೋಶಗಳೊಳಗಿನ, ನೀರು ಮತ್ತು ಐಸೊ ಕೂಡಿದಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಹೊರಗೆ ಸೋರುತ್ತದೆ. ಗಾಳಿ ಅಷ್ಟೇ ವೇಗವಾಗಿ ಒಳಬರುವುದಿಲ್ಲ. ಒಳಗಿನ ಒತ್ತಡ ಇಳಿದಾಗ ಸಡಿಲ ಗೋಡೆಗಳು ತಡೆಯಲಾರದೆ ಒಳಕ್ಕೆ ಬಾಗುತ್ತವೆ. ಐಸ್ ಬಾಕ್ಸ್‌ನ ಹೊರಮೈ ಒಂದು ವಾರದ ಮೇಲೆ ತಗ್ಗು ಬಿದ್ದಿತೆಂದು ದೂರುವವರಲ್ಲಿ ಹಲವರ ಕಥೆ ಇದೇ. ತೂಕದಲ್ಲಿ ತುಂಬಿ, ಅಳತೆಯಲ್ಲಿ ಬೆರೆಸಲು ಹೇಳುವುದು ಮಾರುವವರ ಸ್ಪಷ್ಟ ಅಸಡ್ಡೆ. 5 ಕೆ.ಜಿ. ಐಸೊಗೆ ಬೇಕಾದದ್ದು 4.4 ಕೆ.ಜಿ. ಪಾಲಿಯಾಲ್ ಮಾತ್ರ, 600 ಗ್ರಾಂ ಉಳಿಯಲೇಬೇಕು. ಉಳಿಯದಿದ್ದರೆ ಎಲ್ಲೋ ತಪ್ಪಿದ್ದೀರಿ ಎಂದರ್ಥ.

ಕೆಲಸಕ್ಕೆ ಇಳಿಯುವ ಮುಂಚೆ ಕಪ್ ಪರೀಕ್ಷೆ ಮಾಡಲೇಬೇಕು. 1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದೊಡ್ಡ ಕಾಗದದ ಬಟ್ಟಲಿನಲ್ಲಿ 50 ಗ್ರಾಂ ಪಾಲಿಯಾಲ್, ಅದರ ಮೇಲೆ 57 ಗ್ರಾಂ ಐಸೊ. ಡ್ರಿಲ್ ಮಷಿನ್‌ಗೆ ಚಿಕ್ಕ ಕಲಕುವ ಕಡ್ಡಿ ಹಾಕಿ, ನಿಮಿಷಕ್ಕೆ 2,000 ಸುತ್ತಿಗೆ ಕಡಿಮೆಯಾಗದಂತೆ, 8ರಿಂದ 10 ಸೆಕೆಂಡ್ ಕಲಕಿ. ಗಡಿಯಾರ ಓಡಲು ಬಿಡಬೇಕಾದದ್ದು ಕಲಕಲು ಶುರುವಾದ ಕ್ಷಣದಿಂದ. ಕಂದು ಬಣ್ಣ ತಟ್ಟನೆ ತಿಳಿಯಾಗಿ ಮೇಲ್ಮೈ ಮೆಲ್ಲನೆ ಉಬ್ಬಲು ಶುರುವಾಗುವುದೇ ಕ್ರೀಮ್ ಟೈಮ್. ಆಮೇಲೆ ಸಣ್ಣ ಕಡ್ಡಿಯೊಂದನ್ನು ಏಳುತ್ತಿರುವ ಫೋಮ್‌ಗೆ ಚುಚ್ಚಿ ಎತ್ತುತ್ತಿರಿ. ಮೊದಮೊದಲು ಏನೂ ಅಂಟುವುದಿಲ್ಲ, ಒಂದು ಹಂತದಲ್ಲಿ ಬೆಲ್ಲದ ಪಾಕ ಎಳೆ ಬರುವ ಹಾಗೆ ಉದ್ದನೆಯ ನೂಲು ಏಳುತ್ತದೆ. ಅದು ಜೆಲ್ ಟೈಮ್. ಮುಟ್ಟಿದರೆ ಅಂಟದ ಹೊತ್ತು ಟ್ಯಾಕ್ ಫ್ರೀ. 25 ಡಿಗ್ರಿಯಲ್ಲಿ ಈ ಕಿಟ್‌ಗೆ ಹಾಳೆಯಲ್ಲಿ ಕೊಟ್ಟದ್ದು 35, 120, 180 ಸೆಕೆಂಡ್. ಬಟ್ಟಲಿನಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ, ಇದು ಮೆಚ್ಚಬೇಕಾದ ಮಾತು. ಮರುದಿನ ಆ ಮುದ್ದೆಯಿಂದ ಘನಾಕಾರದ ತುಂಡು ಕೊಯ್ದು ತೂಗಿ, ಅಳತೆಯಿಂದ ಸಾಂದ್ರತೆ ಲೆಕ್ಕ ಹಾಕಿ. ಎಲ್ಲ ಬದಿ 10 ಸೆ.ಮೀ. ಇರುವ ತುಂಡಾದರೆ ಲೆಕ್ಕವೂ ಬೇಡ, ಗ್ರಾಂನಲ್ಲಿ ಬಂದ ತೂಕವೇ ಘನ ಮೀಟರಿಗೆ ಇಷ್ಟು ಕೆ.ಜಿ. ಎಂಬ ಸಾಂದ್ರತೆ. ಇಲ್ಲಿ ಅದು 45ರ ಆಸುಪಾಸು. ಅದೇ ತುಂಡನ್ನು ಒಂದು ರಾತ್ರಿ ಮನೆಯ ಫ್ರೀಜರ್‌ನಲ್ಲಿಟ್ಟು ಮತ್ತೆ ಅಳೆಯಿರಿ. 10 ಸೆ.ಮೀ.ಗೆ 1 ಮಿ.ಮೀ.ಗಿಂತ ಹೆಚ್ಚು ಕುಗ್ಗಿದರೆ ಆ ಮಿಶ್ರಣವನ್ನು ಪೆಟ್ಟಿಗೆಗೆ ಸುರಿಯಬೇಡಿ.

ಈ ಮೂರು ಸಮಯಗಳ ನಡುವಿನ ಅಂತರದಲ್ಲೇ ಕಿಟ್ ಮಾಡಿದವರ ಜಾಣ್ಮೆ ಗೊತ್ತಾಗುತ್ತದೆ. ಬಕೆಟ್ಟಿನೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ಒಂದು, ಐಸೊ ಮತ್ತು ಪಾಲಿಯಾಲ್ ಕೂಡಿ ಯುರೆಥೇನ್ ಸರಪಳಿ ಕಟ್ಟುವುದು; 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಕೊಂಡ ದಾರಿ ಇಂದಿಗೂ ಬದಲಾಗಿಲ್ಲ. ಇನ್ನೊಂದು, ಐಸೊ ಮತ್ತು ನೀರು ಕೂಡಿ ಅಮೀನ್ ಆಗಿ, ಇಂಗಾಲದ ಡೈಆಕ್ಸೈಡ್ ಬಿಡುವುದು. ಆ ಅಮೀನ್ ಮತ್ತೊಂದು ಐಸೊವನ್ನು ಹಿಡಿದು ಯೂರಿಯಾ ಆಗುತ್ತದೆ. 3 ಗ್ರಾಂ ನೀರಿನಿಂದ 7.3 ಗ್ರಾಂ ಅನಿಲ, ಕೋಣೆಯ ಉಷ್ಣತೆಯಲ್ಲೇ ಅದು 4 ಲೀಟರ್. ಅನಿಲ ಮೊದಲು ಬಂದು ಗೋಡೆ ಕಟ್ಟುವುದು ತಡವಾದರೆ ಫೋಮ್ ಎದ್ದು ಕುಸಿಯುತ್ತದೆ. ಗೋಡೆ ಮೊದಲೇ ಗಟ್ಟಿಯಾದರೆ ಅನಿಲಕ್ಕೆ ಜಾಗವಿಲ್ಲದೆ ಫೋಮ್ ಬಿರಿಯುತ್ತದೆ, ಮೂಲೆಗಳು ತುಂಬುವುದಿಲ್ಲ. ಪಿಎಂಡಿಇಟಿಎ ಎಂಬ ಅಮೀನ್ ನೀರಿನ ಕಡೆಯ ಕೆಲಸವನ್ನು ಹೆಚ್ಚು ಓಡಿಸುತ್ತದೆ. ಟ್ರೈಎಥಿಲೀನ್ ಡೈಅಮೀನ್ ಸರಪಳಿಯ ಕಡೆ ಒಲಿದದ್ದು, ಡಿಎಂಸಿಎಚ್‌ಎ ಎರಡಕ್ಕೂ ನಡುವಿನದು. ಗಟ್ಟಿ ಫೋಮ್‌ನಲ್ಲಿ ಇವುಗಳ ಹದವೇ ಎಲ್ಲ. ಸಿಲಿಕೋನ್ ಇಲ್ಲದಿದ್ದರೆ ಕೋಶಗಳು ಒಂದರೊಳಗೊಂದು ಸೇರಿ ದೊಡ್ಡ ಗುಳ್ಳೆಗಳಾಗುತ್ತವೆ. ಈ ಕಿಟ್‌ನ ಕೊಯ್ದ ಮುಖವನ್ನು ಬೆಳಕಿಗೆ ಹಿಡಿದರೆ ಕೋಶಗಳು ಸಣ್ಣಗೆ, ಒಂದೇ ಸಮ ಕಾಣುತ್ತವೆ. ಇಲ್ಲಿ ಯಾರೂ ಸಿಲಿಕೋನ್‌ಗೆ ಕತ್ತರಿ ಹಾಕಿಲ್ಲ.

ಸುರಿಯುವ ಕೆಲಸಕ್ಕೆ ಸೂಚನಾಪತ್ರದಲ್ಲಿ ಪ್ರಮಾಣವೇ ಕೊಟ್ಟಿಲ್ಲ. ಉದಾಹರಣೆಗೆ 1 ಮೀಟರ್ ಉದ್ದ, 60 ಸೆ.ಮೀ. ಅಗಲ, 50 ಮಿ.ಮೀ. ಸಂದು ಇರುವ ಒಂದು ಗೋಡೆ ಎಂದುಕೊಳ್ಳಿ. ಒಳಜಾಗ 30 ಲೀಟರ್. ಬಟ್ಟಲಿನಲ್ಲಿ ತಡೆಯಿಲ್ಲದೆ ಎದ್ದಾಗಿನ ಸಾಂದ್ರತೆ 45 ಇದ್ದರೂ ಮೂಲೆ ಮುಟ್ಟಲು ಸುಮಾರು 15 ಶೇಕಡಾ ಹೆಚ್ಚು ತುಂಬಬೇಕು, ಅಂದರೆ 52. 30 ಲೀಟರಿಗೆ 1.56 ಕೆ.ಜಿ. ಬಕೆಟ್ಟಿಗೆ ಅಂಟಿ ಉಳಿಯುವುದನ್ನೂ ಸೇರಿಸಿ 1.65 ಕೆ.ಜಿ. ಮಾಡಿ. ಪಾಲಿಯಾಲ್ 770 ಗ್ರಾಂ, ಐಸೊ 880 ಗ್ರಾಂ. ಮೊದಲು ಪಾಲಿಯಾಲ್ ಡಬ್ಬಿಯನ್ನು ಮುಚ್ಚಳ ಬಿಗಿದು ಚೆನ್ನಾಗಿ ಉರುಳಿಸಿ, ಆಮೇಲೆ ಅಳೆಯಿರಿ. 10 ಸೆಕೆಂಡ್ ಕಲಕಿ, ಬಕೆಟ್ಟಿನ ತಳ ಮತ್ತು ಅಂಚು ಬಿಡದೆ. 30ನೇ ಸೆಕೆಂಡಿನೊಳಗೆ ಸುರಿದು ಮುಗಿಯಬೇಕು. ಕ್ರೀಮ್ ಆದಮೇಲೆ ಸುರಿದರೆ ಏಳುತ್ತಿರುವ ಫೋಮ್ ಮಡಚಿಕೊಂಡು ಒಳಗೆ ಟೊಳ್ಳು ಉಳಿಯುತ್ತದೆ. ಸುರಿಯುವ ಬಾಯಿಗೆ ಎದುರಿನ ಎರಡು ಮೂಲೆಗಳಲ್ಲಿ 3-4 ಮಿ.ಮೀ. ತೂತು ಇಟ್ಟರೆ ಗಾಳಿ ಹೊರಹೋಗುತ್ತದೆ.

ಎರಡೂ ಬದಿಗೆ ದಪ್ಪ ಪ್ಲೈವುಡ್ ಇಟ್ಟು ಕ್ಲಾಂಪ್ ಬಿಗಿಯದೆ ಇದನ್ನು ಮಾಡಬೇಡಿ. ಒಳಗಿನ ಒತ್ತಡ 0.2 ಬಾರ್ ಎಂದರೂ 0.6 ಚದರ ಮೀಟರ್ ಹಲಗೆಯ ಮೇಲೆ 1,200 ಕೆ.ಜಿ. ಭಾರ ಬಿದ್ದ ಲೆಕ್ಕ. ತೆಳು ಫೈಬರ್ ಹೊಟ್ಟೆ ಉಬ್ಬಿ ಹಾಗೇ ನಿಂತುಬಿಡುತ್ತದೆ. ಪ್ಲೈವುಡ್‌ಗೆ ಫೋಮ್ ತಾಗುವ ಕಡೆ ಪಾಲಿಥೀನ್ ಹಾಳೆ ಹಾಸಿ, ಪಾಲಿಥೀನ್‌ಗೆ ಪಿಯು ಅಂಟುವುದಿಲ್ಲ. ಫೈಬರ್‌ಗೆ ಅಂಟಬೇಕಾದ ಕಡೆ ಒಳಮೈಯನ್ನು ಉಜ್ಜುಕಾಗದದಿಂದ ಉಜ್ಜಿ, ಅಚ್ಚಿನ ಮೇಣವನ್ನು ತೆಗೆದು, ಒಣಗಿಸಿರಬೇಕು. ಒದ್ದೆ ಇದ್ದರೆ ಅಲ್ಲಿಯ ನೀರೂ ಐಸೊ ತಿನ್ನುತ್ತದೆ. ಗೋಡೆಗೆ ತಾಗಿದ ಪದರ ಪುಡಿಪುಡಿಯಾಗಿ ಕಿತ್ತು ಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಫೋಮ್ ಬಿಟ್ಟುಕೊಳ್ಳಲು ದೊಡ್ಡ ಕಾರಣ ಇದೇ.

ಉಷ್ಣತೆಯ ಬಗ್ಗೆ ಸೂಚನಾಪತ್ರ ಬಾಯಿ ಬಿಡುವುದಿಲ್ಲ. ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ. ಮೇ ತಿಂಗಳ ಮಧ್ಯಾಹ್ನ ಮಲ್ಪೆಯಲ್ಲಿ ಸುರಿಯಲು ಸಿಗುವ ಸಮಯ ಬಹಳ ಕಡಿಮೆ, ಬೆಳಗಿನ ಹೊತ್ತೇ ಕೆಲಸ ಮುಗಿಸಿ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಪಾಲಿಯಾಲ್ ದಪ್ಪವಾಗಿ ಸರಿಯಾಗಿ ಬೆರೆಯುವುದಿಲ್ಲ. ಕೊಯ್ದಾಗ ಕಂದು ಗೆರೆಗಳು ಕಂಡರೆ ಅದು ಬೆರೆಯದ ಐಸೊ. ಮುಚ್ಚಳ ಭದ್ರವಾಗಿರುವ ಡಬ್ಬಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು 25 ಡಿಗ್ರಿಗೆ ತಂದು, ಹೊರಗೆ ಒರೆಸಿ, ಆಮೇಲೆ ತೆರೆಯಿರಿ. ಸುರಿಯುವ ಗೋಡೆ ತಣ್ಣಗಿದ್ದರೂ ತೊಂದರೆಯೇ: ಫೋಮ್‌ನ ಹೊರಪದರ ಶಾಖ ಕಳೆದುಕೊಂಡು ದಟ್ಟವಾಗುತ್ತದೆ, ಮಾಲು ಹೆಚ್ಚು ಬೇಕಾಗುತ್ತದೆ. 35-40 ಡಿಗ್ರಿ ಗೋಡೆ ಒಳ್ಳೆಯದು, ಬಿಸಿಲಿಗೆ ಇಟ್ಟರೆ ಸಾಕು. ಆದರೆ ದಪ್ಪ ಜಾಗಗಳಲ್ಲಿ ಒಂದೇ ಸಲ ಸುರಿಯುವ ಆಸೆ ಬೇಡ. ನೀರಿನಿಂದ ಉಬ್ಬುವ ಫೋಮ್‌ನಲ್ಲಿ ಶಾಖ ಹೆಚ್ಚು, ಮುದ್ದೆಯ ನಡುವೆ 150 ಡಿಗ್ರಿ ದಾಟಬಹುದು. ಫೋಮ್ ತಾನೇ ಶಾಖ ತಡೆಯುವ ವಸ್ತುವಾದ್ದರಿಂದ ಆ ಬಿಸಿ ಹೊರಬರುವುದಿಲ್ಲ, ಒಳಗೆ ಕಂದುಗಟ್ಟುತ್ತದೆ, ಹೊಗೆಯೂ ಬರಬಹುದು. ದೋಣಿಯ ತಳದಂಥ ಕಡೆ ಪದರ ಪದರವಾಗಿ, ಹಿಂದಿನದು ತಣ್ಣಗಾದ ಮೇಲೆ ಮುಂದಿನದನ್ನು ಸುರಿಯಿರಿ.

ತಂಪು ಹಿಡಿಯುವ ಶಕ್ತಿ ಹೇಗೆ? ನೀರಿನಿಂದ ಉಬ್ಬಿದ ಫೋಮ್‌ನ ಉಷ್ಣವಾಹಕತೆ ಹೊಸತರಲ್ಲಿ ಸುಮಾರು 0.024, ಥರ್ಮಾಕೋಲ್‌ನದು 0.035ರ ಆಸುಪಾಸು. 50 ಮಿ.ಮೀ. ಫೋಮ್ ಸುಮಾರು 75 ಮಿ.ಮೀ. ಥರ್ಮಾಕೋಲ್‌ಗೆ ಸಮ ಎನ್ನಬಹುದು. ಆದರೆ ಕೋಶದೊಳಗಿನ ಇಂಗಾಲದ ಡೈಆಕ್ಸೈಡ್ ಜಾಗಕ್ಕೆ ಗಾಳಿ ಬರುತ್ತಿದ್ದಂತೆ ಆ ಅಂಕಿ 0.030ರ ಕಡೆಗೆ ಏರುತ್ತದೆ. ಎರಡೂ ಬದಿ ಫೈಬರ್ ಅಥವಾ ತಗಡು ಇದ್ದರೆ ಇದು ಬಹಳ ನಿಧಾನ, ಬಯಲಿಗೆ ಬಿಟ್ಟ ಫೋಮ್‌ನಲ್ಲಿ ಬೇಗ. ಹಳೆಯ ಕೆಲಸಗಾರರು ಹಿಂದಿನ ಪಫ್ ಇನ್ನೂ ಚೆನ್ನಾಗಿತ್ತು ಎನ್ನುವುದರಲ್ಲಿ ಸತ್ಯವಿದೆ. ಆಗ ಉಬ್ಬಿಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ ಶಾಖವನ್ನು ಇನ್ನೂ ಕಡಿಮೆ ಸಾಗಿಸುತ್ತಿತ್ತು. ಓಜೋನ್ ಪದರಕ್ಕೆ ಹಾನಿಯೆಂದು 2020ರ ಜನವರಿ 1ರಿಂದ ಭಾರತದಲ್ಲಿ ಅದನ್ನು ನಿಲ್ಲಿಸಲಾಯಿತು. ಫ್ರಿಜ್ ಮಾಡುವ ಕಾರ್ಖಾನೆಗಳಲ್ಲಿ ಸೈಕ್ಲೊಪೆಂಟೇನ್ ಬಳಕೆಯಿದೆ. ಅದು ಬೆಂಕಿ ಹಿಡಿಯುವ ದ್ರವ, ಅಂಗಡಿಯ ಡಬ್ಬಿಯಲ್ಲಿ ಕೊಡುವಂಥದ್ದಲ್ಲ. ಚಿಕ್ಕ ಕಿಟ್‌ಗೆ ನೀರೇ ಸರಿಯಾದ ಆಯ್ಕೆ, ಇಲ್ಲಿ ಮಾರುವವರನ್ನು ದೂರಲು ಕಾರಣವಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಂಥ ದೊಡ್ಡ ಕೋಲ್ಡ್ ಸ್ಟೋರೇಜ್ ಕಟ್ಟುವವರು ಕಿಟ್ ಹಿಂದೆ ಬೀಳದೆ ಕಾರ್ಖಾನೆಯಲ್ಲಿ ಒತ್ತಿದ ಪಫ್ ಪ್ಯಾನೆಲ್ಲನ್ನೇ ಕೊಳ್ಳಲಿ.

750 ಮಿ.ಲೀ. ಸ್ಪ್ರೇ ಡಬ್ಬಿಯ ಫೋಮ್ ಇದಕ್ಕೆ ಬದಲಿಯಲ್ಲ. ಅದು ಗಾಳಿಯ ತೇವ ಕುಡಿದು ಗಟ್ಟಿಯಾಗುವುದು, ಮುಚ್ಚಿದ ಗೋಡೆಯೊಳಗೆ ವಾರಗಟ್ಟಲೆ ಹಸಿಯಾಗಿ ಉಳಿಯುತ್ತದೆ. ಇನ್ನು ‘ಸಸ್ಯಮೂಲ’ ಎಂಬ ಹಸಿರು ಸ್ಟಿಕ್ಕರ್‌ನ ಕಿಟ್‌ಗಳಲ್ಲಿ ಹರಳೆಣ್ಣೆ ಇರುತ್ತದೆ. ಹರಳೆಣ್ಣೆಯಲ್ಲಿ ಹುಟ್ಟಿನಿಂದಲೇ ಹೈಡ್ರಾಕ್ಸಿಲ್ ಇದೆ, ಆದರೆ ಸಂಖ್ಯೆ ಸುಮಾರು 160 ಮಾತ್ರ. 100 ಗ್ರಾಂ ಎಣ್ಣೆಗೆ 39 ಗ್ರಾಂ ಐಸೊ ಸಾಕು, ಮೇಲೆ ಹೇಳಿದ ಪಾಲಿಯಾಲ್‌ಗೆ ನೀರನ್ನು ಬಿಟ್ಟು ನೋಡಿದರೂ 85 ಗ್ರಾಂ ಬೇಕು. ಜಾಲದಲ್ಲಿ ಗಂಟುಗಳು ಕಡಿಮೆ, ಹಾಗಾಗಿ ಬರೀ ಹರಳೆಣ್ಣೆಯಿಂದ ರಬ್ಬರಿನಂಥ ವಸ್ತು ಬರುತ್ತದೆಯೇ ಹೊರತು ಗಟ್ಟಿ ಫೋಮ್ ಅಲ್ಲ. ಎಲೆಕ್ಟ್ರಾನಿಕ್ ಸರ್ಕಿಟ್‌ಗಳ ಮೇಲೆ ಸುರಿದು ಮುಚ್ಚಲು ಅದು ಬಹಳ ಒಳ್ಳೆಯದು. ಗಟ್ಟಿ ಫೋಮ್ ಕಿಟ್‌ನಲ್ಲಿ ಅದು ಒಂದು ಪಾಲು ಮಾತ್ರ ಇರಲು ಸಾಧ್ಯ, ಎಷ್ಟು ಪಾಲು ಎಂದು ಕೇಳಿಯೇ ಕೊಳ್ಳಿ.

ಪ್ಯಾಕಿಂಗ್‌ಗೆ ಕಡಿಮೆ ಅಂಕ ಕೊಡಲೇಬೇಕು. ಅನಿಲಿನ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿ, ಬಂದ ಅಮೀನನ್ನು ಫಾಸ್ಜೀನ್ ಜೊತೆ ಹಾಯಿಸಿ ಎಂಡಿಐ ಮಾಡುವುದು ಬಹಳ ದೊಡ್ಡ ಸ್ಥಾವರಗಳ ಕೆಲಸ. ಕಿಟ್ ಮಾರುವವರು ಮಾಡುವುದು ಪಾಲಿಯಾಲ್ ಕಡೆಯ ಮಿಶ್ರಣವನ್ನು ಮಾತ್ರ. ಐಸೊ ದೊಡ್ಡ ಡ್ರಮ್ಮಿನಲ್ಲಿ ಬಂದು ಇಲ್ಲಿ ಚಿಕ್ಕ ಡಬ್ಬಿಗಳಿಗೆ ಇಳಿಯುತ್ತದೆ. ಒಣ ಗಾಳಿ ಅಥವಾ ನೈಟ್ರೋಜನ್ ಹೊದಿಕೆ ಇಲ್ಲದೆ ಇಳಿಸಿದರೆ ತೇವ ಸೇರಿ ಮೇಲೆ ಯೂರಿಯಾ ಕೆನೆ ಕಟ್ಟುತ್ತದೆ. ಇಲ್ಲಿ ಐಸೊ ಬಂದಿರುವುದು ಪೇಂಟ್ ಡಬ್ಬಿಯಂತೆ ಒತ್ತಿ ಮುಚ್ಚುವ ತಗಡಿನ ಡಬ್ಬಿಯಲ್ಲಿ. ಒಮ್ಮೆ ಮೀಟಿ ತೆರೆದರೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ತಿರುಗಿಸುವ ಮುಚ್ಚಳ ಮತ್ತು ಒಳಸೀಲು ಇರಬೇಕಿತ್ತು. ಬ್ಯಾಚ್ ಸಂಖ್ಯೆ ಇದೆ, ತುಂಬಿದ ದಿನಾಂಕ ಇಲ್ಲ. ಅಂಗಡಿಯಲ್ಲೇ ಡಬ್ಬಿ ಅಲುಗಾಡಿಸಿ ನೋಡಿ: ದ್ರವ ಸಲೀಸಾಗಿ ಆಡಬೇಕು. ಮುಚ್ಚಳ ಉಬ್ಬಿದ್ದರೆ ಒಳಗೆ ನೀರು ಹೋಗಿ ಅನಿಲ ಎದ್ದಿದೆ ಎಂದರ್ಥ, ಅದನ್ನು ಮುಟ್ಟಲೇಬೇಡಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಕ್ಷಮೆಯಿಲ್ಲ. ಕೊಟ್ಟಿರುವ ಕೈಗವಸು ಹೋಟೆಲಿನಲ್ಲಿ ತಿಂಡಿ ಬಡಿಸುವಾಗ ಹಾಕುವ ತೆಳು ಪ್ಲಾಸ್ಟಿಕ್. ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಸಾವಯವ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮುಖಗವಸು ಬೇಕು. ಬಟ್ಟೆಯ ಮಾಸ್ಕ್ ಉಪಯೋಗವಿಲ್ಲ. ಐಸೊಸಯನೇಟ್‌ಗೆ ದೇಹ ಒಮ್ಮೆ ಒಗ್ಗದಾದರೆ, ಮುಂದೆ ಅತ್ಯಲ್ಪ ಪ್ರಮಾಣಕ್ಕೂ ಉಬ್ಬಸ ಬರಬಹುದು, ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ ಇಂಥ ಮಾಲನ್ನು ಕೆಲಸದಲ್ಲಿ ಬಳಸುವವರಿಗೆ ತರಬೇತಿ ಕಡ್ಡಾಯ. ನಮ್ಮ ಕಿಟ್‌ನ ಹಾಳೆಯಲ್ಲಿ ‘ಮಕ್ಕಳಿಂದ ದೂರವಿಡಿ’ ಎಂಬ ಒಂದೇ ಸಾಲು. ಟಿಸಿಪಿಪಿ ಇದೆಯೆಂದು ಫೋಮ್ ಉರಿಯುವುದೇ ಇಲ್ಲ ಎಂದುಕೊಳ್ಳಬೇಡಿ. ಅದು ಬೇಗ ಹೊತ್ತಿಕೊಳ್ಳುವುದನ್ನಷ್ಟೇ ತಡೆಯುತ್ತದೆ, ಹೊತ್ತಿದರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ತುಂಬಿದ ಗೋಡೆಯ ಹತ್ತಿರ ವೆಲ್ಡಿಂಗ್ ಮಾಡಬೇಡಿ.

ಐಸೊ ಚೆಲ್ಲಿದರೆ ಮರದ ಹೊಟ್ಟು ಅಥವಾ ಮರಳು ಹಾಕಿ ಹೀರಿಸಿ, ತೆರೆದ ಬಕೆಟ್ಟಿಗೆ ತೆಗೆದು, 10 ಲೀಟರ್ ನೀರಿಗೆ ಅರ್ಧದಿಂದ 1 ಕೆ.ಜಿ. ವಾಷಿಂಗ್ ಸೋಡಾ ಮತ್ತು ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸುರಿಯಿರಿ. ಎರಡು ದಿನ ಬಯಲಿನಲ್ಲೇ ಇರಲಿ. ಅನಿಲ ಬಿಡುತ್ತಿರುವಾಗ ಮುಚ್ಚಳ ಹಾಕಿದರೆ ಡಬ್ಬಿ ಸಿಡಿಯುತ್ತದೆ. ಖಾಲಿ ಐಸೊ ಡಬ್ಬಿಗೂ ಇದೇ ದ್ರಾವಣ, ಆಮೇಲೆ ತಳಕ್ಕೆ ತೂತು ಹೊಡೆದು ಗುಜರಿಗೆ ಕೊಡಿ, ಯಾರೂ ನೀರು ತುಂಬಿಡಲು ಒಯ್ಯಬಾರದು. ಉಳಿದ 600 ಗ್ರಾಂ ಪಾಲಿಯಾಲನ್ನು ಬಿಗಿಯಾಗಿ ಮುಚ್ಚಿ, ಬ್ಯಾಚ್ ಸಂಖ್ಯೆ ಬರೆದಿಟ್ಟು ಮೂರು ತಿಂಗಳೊಳಗೆ ಅದೇ ಕಂಪನಿಯ ಇನ್ನೊಂದು ಇಂಥದೇ ಕಿಟ್‌ನ ಐಸೊ ಜೊತೆ ಬಳಸಿ. ಬೇರೆ ಬಗೆಯ ಕಿಟ್‌ನ ಐಸೊ ಜೊತೆ ಬೆರೆಸಬೇಕಾದರೆ ಮೊದಲು ಪಾಲಿಯಾಲ್‌ನ ಹೈಡ್ರಾಕ್ಸಿಲ್ ಸಂಖ್ಯೆ, ನೀರಿನ ಪ್ರಮಾಣ ಮತ್ತು ಆ ಐಸೊದ ಎನ್‌ಸಿಒ ಅಂಕಿ ಕೇಳಿ ಪಡೆದು, ಹೊಸದಾಗಿ ಲೆಕ್ಕ ಹಾಕಿ, ಮತ್ತೊಮ್ಮೆ ಕಪ್ ಪರೀಕ್ಷೆ ಮಾಡಿಯೇ ಸುರಿಯಿರಿ.